ವ್ಯತ್ಯಾಸ ಬರದ ಅಧ್ಯಯನ, ಮುಚ್ಚಿಟ್ಟ ಪೇಪರ್

ಇವರು ಚಿಕಿತ್ಸಾ ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದ ಸಂಶೋಧಕಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಮೊದಲ ಸಲ ಚಿಕಿತ್ಸೆಗೆ ನನ್ನ ಬಳಿ ಬಂದಾಗ ಅವರು ಹೇಳಿದ್ದು ನಿದ್ದೆಯ ತೊಂದರೆ. ನಡುರಾತ್ರಿ ಎಚ್ಚರವಾದರೆ ಬೆಳಗಿನವರೆಗೆ ನಿದ್ದೆ ಇಲ್ಲ. ಸಣ್ಣ ಮಾತಿಗೂ ಅಳು. ಮಾತಾಡುತ್ತ ಹೋದಂತೆ ವಿಷಯ ಅವರ ಸಂಶೋಧನಾ ಪೇಪರ್‌ಗೆ ಬಂತು. ಖಿನ್ನತೆ ಇರುವವರಿಗೆ ಗುಂಪಿನಲ್ಲಿ ಕೊಡುವ ಒಂದು ಮಾತಿನ ಚಿಕಿತ್ಸೆಯನ್ನು ಅವರು ಪರೀಕ್ಷಿಸಿದ್ದರು. ಚಿಕಿತ್ಸೆ ಪಡೆದವರಿಗೂ ಎಂದಿನ ಆರೈಕೆ ಪಡೆದವರಿಗೂ ಖಿನ್ನತೆಯ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಎರಡು ಜರ್ನಲ್‌ಗಳು ಪೇಪರ್ ವಾಪಸ್ ಕಳಿಸಿದವು. "ಓದುಗರಿಗೆ ಇದರಿಂದ ಹೊಸದೇನೂ ಸಿಗುವುದಿಲ್ಲ" ಎಂದು ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸಿದ ಒಬ್ಬ ವಿಮರ್ಶಕರು ಬರೆದಿದ್ದರು. ಆ ಸಾಲು ಇವರಿಗೆ ಬಾಯಿಪಾಠ ಆಗಿತ್ತು.

ಜೊತೆಗೆ ಗೈಡ್ ಒತ್ತಾಯ. ಆತಂಕದ ಪ್ರಶ್ನಾವಳಿಯಲ್ಲಿ ಸ್ವಲ್ಪ ಸುಧಾರಣೆ ಕಂಡಿತ್ತು. "ಅದನ್ನೇ ಮುಖ್ಯ ಫಲಿತಾಂಶ ಅಂತ ಮುಂದಿಟ್ಟು ಬರೆಯಮ್ಮ, ಎಲ್ಲರೂ ಮಾಡೋದೇ ಅಲ್ವಾ" ಎಂದಿದ್ದರಂತೆ. ಇವರು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಫೈಲ್ ಮುಚ್ಚಿಟ್ಟರು. ತಿಂಗಳುಗಳು ಕಳೆದರೂ ತೆರೆಯಲಿಲ್ಲ.

"ನನ್ನ ಕೈಗುಣವೇ ಸರಿ ಇಲ್ಲ ಮೇಡಂ. ಬೇರೆಯವರು ಚಿಕಿತ್ಸೆ ಕೊಟ್ಟಿದ್ದರೆ ಆ ಜನ ಗುಣ ಆಗ್ತಿದ್ರು."

ನೋವಿನ ಬೇರು ಇದ್ದದ್ದು ಇಲ್ಲೇ. ಅಂಕಗಳ ನಡುವೆ ವ್ಯತ್ಯಾಸ ಬರಲಿಲ್ಲ ಅನ್ನುವುದು ಒಂದು ಮಾಹಿತಿ. ಅದನ್ನು ಅವರು ತಮ್ಮ ಮೇಲಿನ ತೀರ್ಪು ಮಾಡಿಕೊಂಡಿದ್ದರು.

ಮೊದಲು ಫೈಲ್ ತೆರೆಯುವ ಕೆಲಸ. ತಪ್ಪಿಸಿಕೊಂಡಾಗ ಒಂದು ಗಳಿಗೆ ಹಗುರ ಅನ್ನಿಸುತ್ತದೆ, ಆಮೇಲೆ ಭಯ ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಅವರೇ ತಮ್ಮ ಬಳಿ ಬರುವವರಿಗೆ ವಿವರಿಸುತ್ತಿದ್ದರು. ದಿನಕ್ಕೆ 20 ನಿಮಿಷ, ಹಗಲಲ್ಲಿ ಮಾತ್ರ ಎಂದು ಒಪ್ಪಂದ ಮಾಡಿಕೊಂಡೆವು. ಆ ಹೊತ್ತಿನಲ್ಲಿ ಬರೆಯುವ ಹಾಗಿಲ್ಲ. ವಿಮರ್ಶಕರ ಒಂದೊಂದು ಮಾತನ್ನೂ ಬೇರೆ ಬೇರೆ ಮಾಡಬೇಕು: ತಿದ್ದಬಹುದಾದದ್ದು, ಅವರು ತಪ್ಪಾಗಿ ತಿಳಿದದ್ದು, ಬರೀ ಅಭಿಪ್ರಾಯ. ಬಾಯಿಪಾಠ ಆಗಿದ್ದ ಆ ಸಾಲು ಮೂರನೇ ಗುಂಪಿಗೆ ಹೋಯಿತು.

ಆಮೇಲೆ ಅವರ ಕ್ಷೇತ್ರದ ಚರಿತ್ರೆಯನ್ನೇ ಮುಂದಿಟ್ಟೆ. ಇಂಥ ಫಲಿತಾಂಶಗಳು ಕಪಾಟಿನಲ್ಲೇ ಉಳಿದುಬಿಡುವುದನ್ನು ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ 1979ರಲ್ಲೇ ಬರೆದಿದ್ದರು. 1982ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪೀಟರ್ಸ್ ಮತ್ತು ಸೆಸಿ ಎಂಬ ಸಂಶೋಧಕರು ಆಗಲೇ ಪ್ರಕಟವಾಗಿದ್ದ 12 ಮನೋವಿಜ್ಞಾನ ಲೇಖನಗಳನ್ನು, ಲೇಖಕರ ಮತ್ತು ಸಂಸ್ಥೆಗಳ ಹೆಸರು ಬದಲಿಸಿ, ಅವನ್ನು ಪ್ರಕಟಿಸಿದ್ದ ಜರ್ನಲ್‌ಗಳಿಗೇ ಮತ್ತೆ ಕಳಿಸಿದರು. ಮೂರನ್ನು ಗುರುತು ಹಿಡಿದರು. ಉಳಿದ ಒಂಬತ್ತರಲ್ಲಿ ಎಂಟು ರಿಜೆಕ್ಟ್ ಆದವು. ಇದನ್ನು ಕೇಳಿ ಅವರು ಬಹಳ ಹೊತ್ತು ಸುಮ್ನೆ ಕುಳಿತಿದ್ದರು.

ಅವರನ್ನು ಜಾಸ್ತಿ ಅಲುಗಿಸಿದ್ದು 2015ರ ಒಂದು ಅಧ್ಯಯನ. ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗಳ ಬಗ್ಗೆ ಅಮೆರಿಕದಲ್ಲಿ ಸರ್ಕಾರದ ಹಣದಿಂದ ನಡೆದ 55 ಪ್ರಯೋಗಗಳನ್ನು ಡ್ರೀಸೆನ್ ಮತ್ತು ಸಂಗಡಿಗರು ಹುಡುಕಿ ನೋಡಿದರು. 13 ಎಲ್ಲೂ ಪ್ರಕಟವಾಗಿರಲಿಲ್ಲ. ಪ್ರಕಟವಾಗದವುಗಳ ಅಂಕಿಅಂಶ ತರಿಸಿ ಸೇರಿಸಿದಾಗ, ಚಿಕಿತ್ಸೆಯ ಪರಿಣಾಮದ ಅಳತೆ (ಸೊನ್ನೆ ಅಂದರೆ ಪರಿಣಾಮವೇ ಇಲ್ಲ) 0.52ರಿಂದ 0.39ಕ್ಕೆ ಇಳಿಯಿತು. ಚಿಕಿತ್ಸೆ ಕೆಲಸ ಮಾಡುವುದು ನಿಜ, ಆದರೆ ಪುಸ್ತಕ ಓದಿ ನಾವು ನಂಬಿದಷ್ಟಲ್ಲ. ನನ್ನ ಮುಂದೆ ಕುಳಿತವರಿಗೆ ಏನು ಹೇಳಬೇಕು ಅನ್ನುವುದು ಇಂಥ ಅಂಕಿಗಳ ಮೇಲೆ ನಿಂತಿದೆ. ಅದಕ್ಕೇ ಈ ಪೇಪರ್ ಹೊರಗೆ ಬರಬೇಕು ಎಂದು ನನಗೂ ಅನ್ನಿಸಿತು. ಅದನ್ನು ಅವರಿಂದ ಮುಚ್ಚಿಡಲಿಲ್ಲ.

ಅವರ ಅಧ್ಯಯನಕ್ಕೆ ಬಂದವರು ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳುವುದೇ ಕಷ್ಟವಾಗಿದ್ದ ದಿನಗಳಲ್ಲಿ ವಾರವಾರ ಬಂದು ಪ್ರಶ್ನಾವಳಿ ತುಂಬಿದವರು. ಮುಂದೆ ಬೇರೆಯವರಿಗೆ ಉಪಯೋಗವಾಗಲಿ ಎಂದು ಸಹಿ ಹಾಕಿದವರು. "ಅವರಿಗೆ ನೀವು ಏನು ಮಾತು ಕೊಟ್ಟಿದ್ದಿರಿ?" ಎಂದು ಕೇಳಿದೆ. ಉತ್ತರ ಹೇಳುವಾಗ ಅತ್ತರು. ಆದರೆ ತಮ್ಮ ಕೈಗುಣದ ಮಾತು ಅವತ್ತು ಬರಲಿಲ್ಲ.

ಗೈಡ್ ಜೊತೆ ಮಾತು ಕಷ್ಟದ ಭಾಗ. ಸಹಿ ಅವರದು, ಶಿಫಾರಸು ಪತ್ರ ಅವರದು. ಜಗಳ ಆಡಿ ಎಂದು ನಾನು ಹೇಳುವುದಿಲ್ಲ. ಪ್ರಯೋಗವನ್ನು ಶುರುವಿನಲ್ಲೇ ಎಲ್ಲರೂ ನೋಡಬಹುದಾದ ನೋಂದಣಿಯಲ್ಲಿ ದಾಖಲಿಸಿದ್ದರು. ಇದು 2005ರಿಂದ ಪ್ರಮುಖ ವೈದ್ಯಕೀಯ ಜರ್ನಲ್‌ಗಳ ಷರತ್ತು. ಮುಖ್ಯ ಫಲಿತಾಂಶ ಖಿನ್ನತೆಯ ಅಂಕ ಎಂದು ಅಲ್ಲಿ ಬರೆದಾಗಿದೆ. ಯಾರು ಬೇಕಾದರೂ ಹೋಲಿಸಿ ನೋಡಬಹುದು. ಹೀಗೆ ಹೇಳುವುದನ್ನು ನಮ್ಮ ಕೋಣೆಯಲ್ಲೇ ಅಭ್ಯಾಸ ಮಾಡಿದೆವು: "ಸರ್, ನೋಂದಣಿಯಲ್ಲಿ ಇರೋದನ್ನೇ ಮೊದಲು ಬರೆಯೋಣ. ಆತಂಕದ್ದನ್ನು ಎರಡನೇ ಫಲಿತಾಂಶ ಅಂತ ಹೇಳಿಯೇ ಸೇರಿಸೋಣ. ನಾಳೆ ಯಾರಾದರೂ ಕೇಳಿದರೆ ಇಬ್ಬರಿಗೂ ತೊಂದರೆ ಬರಬಾರದು." ಒಪ್ಪದಿದ್ದರೆ ಮಾತಾಡಿದ್ದನ್ನು ಇಮೇಲ್‌ನಲ್ಲಿ ದಾಖಲಿಸಿ, ಸಂಸ್ಥೆಯ ನೈತಿಕ ಸಮಿತಿಯ ಸಲಹೆ ಕೇಳಿ ಎಂದೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ. ಗೈಡ್ ಗೊಣಗಿದರು, ಒಪ್ಪಿದರು.

ನಡುವೆ "ದುಡ್ಡು ಕಟ್ಟಿ, ಮೂರೇ ದಿನದಲ್ಲಿ ಪ್ರಕಟ" ಅನ್ನುವ ಒಂದು ಇಮೇಲ್ ಬಂದು ಆಸೆ ಹುಟ್ಟಿಸಿತ್ತು. ಮೂರು ದಿನದಲ್ಲಿ ಯಾರೂ ಪೇಪರ್ ಓದಿ ವಿಮರ್ಶೆ ಮಾಡಲಾರರು, ಅದನ್ನು ಅಳಿಸಿಬಿಡಿ ಎಂದೆ.

ಪೇಪರ್‌ನ ತಲೆಬರಹದಲ್ಲೇ ಈಗ ವ್ಯತ್ಯಾಸ ಕಾಣಲಿಲ್ಲ ಎಂದಿದೆ. ಪ್ರಕಟಣೆಗೆ ಮುಂಚಿನ ಪ್ರತಿಯನ್ನು, ಮನೋವಿಜ್ಞಾನದ ಇಂಥ ಪ್ರತಿಗಳನ್ನು ಎಲ್ಲರಿಗೂ ತೆರೆದಿಡುವ ಸೈಆರ್ಕೈವ್ (PsyArXiv) ಜಾಲತಾಣಕ್ಕೆ ಹಾಕಿದ್ದಾರೆ. ಮೂರನೇ ಜರ್ನಲ್ ತಿದ್ದುಪಡಿ ಕೇಳಿದೆ. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ, ಸಂಪಾದಕರ ಇಮೇಲ್ ಬಂದ ರಾತ್ರಿಗಳನ್ನು ಬಿಟ್ಟು. ಅದರ ಮೇಲೆ ಕೆಲಸ ಮುಂದುವರಿದಿದೆ. ಮುಂದಿನ ಅಧ್ಯಯನಕ್ಕೆ ರಿಜಿಸ್ಟರ್ಡ್ ರಿಪೋರ್ಟ್ ತೆಗೆದುಕೊಳ್ಳುವ ಜರ್ನಲ್ ಹುಡುಕುತ್ತಿದ್ದಾರೆ. 2013ರಲ್ಲಿ ಕಾರ್ಟೆಕ್ಸ್ ಜರ್ನಲ್ ಶುರುಮಾಡಿದ ಈ ಪದ್ಧತಿಯಲ್ಲಿ ಡೇಟಾ ಸಂಗ್ರಹಕ್ಕೆ ಮುಂಚೆಯೇ ಯೋಜನೆಯ ವಿಮರ್ಶೆ ಆಗುತ್ತದೆ. ಯೋಜನೆ ಒಪ್ಪಿಗೆಯಾಗಿ, ಅದರಂತೆಯೇ ಕೆಲಸ ನಡೆಸಿದರೆ, ಫಲಿತಾಂಶ ಯಾವ ಕಡೆ ಬಂದರೂ ಪ್ರಕಟಿಸುತ್ತಾರೆ.