ಹಿಂದುಳಿದ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದವರಿಗೆ ಉನ್ನತ ಶಿಕ್ಷಣದಲ್ಲಿ ಸಮಾನ ಅವಕಾಶ ಸಿಕ್ಕಂತಾಯಿತೇ?

ಸೀಟಿನ ಮಟ್ಟಿಗೆ ಹೌದು, ಅದು ದೊಡ್ಡ ಬದಲಾವಣೆಯೇ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಬಲದಲ್ಲಿ 2013ರಲ್ಲಿ ಹೊರಟ ಆದೇಶವು, ಆ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಕಾದಿರಿಸಿತು. ಆ ಭಾಗದಾಚೆ ಕರ್ನಾಟಕದಲ್ಲೇ ಇರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಆದರೆ ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿದ ಯಾದಗಿರಿಯ ಹುಡುಗಿಯೊಬ್ಬಳು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸೇರಿದಳೆನ್ನಿ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಾಸ್ಟೆಲ್ ಆಯ್ಕೆ ಪಟ್ಟಿ ಹೊರಬೀಳುವ ತನಕ ಪಿ.ಜಿ. ಬಾಡಿಗೆ, ಮುಂಗಡ ಎರಡನ್ನೂ ಮನೆಯವರೇ ಹೊಂದಿಸಬೇಕು. ವಿದ್ಯಾರ್ಥಿವೇತನ ಖಾತೆಗೆ ಬೀಳುವಷ್ಟರಲ್ಲಿ ಪರೀಕ್ಷಾ ಶುಲ್ಕದ ಗಡುವು ಮುಗಿದಿರುವುದೂ ಉಂಟು. ಸೀಟು ಹಂಚಿಕೆಯ ಆದೇಶ ಇದ್ಯಾವುದನ್ನೂ ಮುಟ್ಟುವುದಿಲ್ಲ. ಮುಟ್ಟಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ ಅನ್ನಿ; ಅದು ಕಾಲೇಜು ಮತ್ತು ಇಲಾಖೆಗಳ ಕೆಲಸ.

ವಿಶ್ವವಿದ್ಯಾಲಯಗಳ ನಾಯಕತ್ವದ ಮಾತು ಬೇರೆ. ಕುಲಪತಿಯ ನೇಮಕದಲ್ಲಿ ಅರ್ಹತೆಯ ಜೊತೆಗೆ ಸಮಾನತೆ, ಸಾಮಾಜಿಕ ನ್ಯಾಯವನ್ನೂ ಗಮನದಲ್ಲಿಡಬೇಕೆಂದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಹೇಳುತ್ತದೆ. ಹೇಳುವುದು ಅಷ್ಟೇ, ಯಾರಿಗೆ ಎಷ್ಟು ಎಂಬ ಲೆಕ್ಕ ಅದರಲ್ಲಿಲ್ಲ. ಹೀಗಾಗಿ ಕುಲಪತಿ ಹುದ್ದೆಗೆ ಹೆಸರು ಸೂಚಿಸುವ ಶೋಧನಾ ಸಮಿತಿಯಲ್ಲಿ ಯಾರು ಕುಳಿತಿದ್ದಾರೆ ಎಂಬುದೇ ನಿರ್ಣಾಯಕ. ಇನ್ನೂ ಕೆಳಗಿನ ಹಂತದಲ್ಲೇ ದಾರಿ ಮುಚ್ಚಿಹೋಗುತ್ತದೆ: ಕಾಯಂ ಅಧ್ಯಾಪಕ ಹುದ್ದೆಗಳು ಖಾಲಿ ಬಿದ್ದು ಅತಿಥಿ ಉಪನ್ಯಾಸಕರೇ ಪಾಠ ಸಾಗಿಸುವ ಕಡೆ, ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ ಮೇಲೇರಲು ಸ್ಥಳೀಯರು ಇರುವುದಾದರೂ ಎಲ್ಲಿ? ಅತಿಥಿ ಉಪನ್ಯಾಸಕರಿಗೆ ಬಡ್ತಿಯ ಮಾತೇ ಇಲ್ಲ. ನನ್ನನ್ನು ಕೇಳಿದರೆ, ಶೇ 70ರ ಲೆಕ್ಕಕ್ಕಿಂತ ಮೊದಲು ಕೇಳಬೇಕಾದದ್ದು ಆ ಖಾಲಿ ಹುದ್ದೆಗಳ ಲೆಕ್ಕವನ್ನು.