ಓದುಗರ ಪ್ರಶ್ನೆ, ನಮ್ಮ ಉತ್ತರ: ಲಂಡನ್ ಪತ್ರಿಕೆ ಏನು ಬರೆದಿದೆ?

ಪ್ರಶ್ನೆ: ಸರ್ಕಾರ ಅಲುಗಾಡಿದಾಗಲೆಲ್ಲ ನಮ್ಮೂರಿನ ಕ್ಲಬ್ಬಿನಲ್ಲಿ ದೊಡ್ಡ ಬೆಳೆಗಾರರು, ನಿವೃತ್ತ ಅಧಿಕಾರಿಗಳು, ಮಾಜಿ ಜನಪ್ರತಿನಿಧಿಗಳು ಕನ್ನಡ ಪತ್ರಿಕೆಗಳನ್ನು ಮಡಿಕೆಯನ್ನೂ ಬಿಚ್ಚದೆ ಮೇಜಿನ ಮೇಲೆ ಬಿಟ್ಟು, ಲಂಡನ್ನಿನ ಪತ್ರಿಕೆ ಏನು ಬರೆದಿದೆಯೆಂದು ಮೊಬೈಲಿನಲ್ಲಿ ಹುಡುಕುತ್ತಾರೆ. ನಮ್ಮ ರಾಜಕೀಯ ಅಷ್ಟು ದೂರದವರಿಗೆ ಹೆಚ್ಚು ಗೊತ್ತಿರುತ್ತದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ರೊಬಸ್ಟಾ ಕಾಫಿಗೆ ಲಂಡನ್ನಿನ ಧಾರಣೆಯನ್ನೂ ಅರೇಬಿಕಾಕ್ಕೆ ನ್ಯೂಯಾರ್ಕಿನ ಧಾರಣೆಯನ್ನೂ ನೋಡಿಯೇ ಮೂಟೆಯನ್ನು ಲಾರಿಗೆ ಏರಿಸುವವರು ಸರ್ಕಾರದ ಧಾರಣೆಯನ್ನೂ ಅಲ್ಲಿಯೇ ವಿಚಾರಿಸಿದರೆ ಆಶ್ಚರ್ಯವೇನಿಲ್ಲ. ಈ ಅಭ್ಯಾಸಕ್ಕೆ ಗಟ್ಟಿಯಾದ ಕಾರಣವೂ ಇದೆ. ತುರ್ತು ಪರಿಸ್ಥಿತಿ ಘೋಷಣೆಯಾದ 1975ರ ಜೂನ್ 25ರ ರಾತ್ರಿ ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ನಿಂತುಹೋಯಿತು. ಅದರ ಹಿಂದೆಯೇ ಸೆನ್ಸಾರ್ ಬಂದಿತು. ವಾಷಿಂಗ್ಟನ್ ಪೋಸ್ಟ್ ವರದಿಗಾರ ಲೂಯಿಸ್ ಸೈಮನ್ಸ್ ಅವರನ್ನು ಕೆಲವೇ ದಿನಗಳಲ್ಲಿ ದೇಶದಿಂದ ಹೊರಗೆ ಕಳುಹಿಸಲಾಯಿತು. ಹಾಸನದ ಎಚ್.ಡಿ. ದೇವೇಗೌಡರು ಬೆಂಗಳೂರಿನ ಜೈಲಿನಲ್ಲಿದ್ದ ಆ ಕಾಲದಲ್ಲಿ, ಇಲ್ಲಿ ಅಚ್ಚಾಗಲಾರದ ಸುದ್ದಿಗೆ ಹೊರಗಿನ ಪತ್ರಿಕೆ, ರೇಡಿಯೋಗಳನ್ನು ಬಿಟ್ಟರೆ ಬೇರೆ ದಾರಿ ಕಡಿಮೆಯಿತ್ತು. ಅಧಿಕಾರದಲ್ಲಿದ್ದವರ ಪಾಡೂ ಬೇರೆಯಲ್ಲ. 1991ರ ಆಗಸ್ಟಿನಲ್ಲಿ ಕ್ಷಿಪ್ರಕ್ರಾಂತಿ ನಡೆಸಿದವರು ಸೋವಿಯತ್ ಅಧ್ಯಕ್ಷ ಗೋರ್ಬಚೇವ್ ಅವರನ್ನು ಕ್ರಿಮಿಯಾದ ಫೋರೋಸ್ ಬಂಗಲೆಯಲ್ಲಿ ಕೂಡಿಹಾಕಿದಾಗ, ತಮ್ಮದೇ ದೇಶದ ಸುದ್ದಿಯನ್ನು ಅವರು ಬಿಬಿಸಿಯಿಂದ ಕೇಳಿ ತಿಳಿಯಬೇಕಾಯಿತು.

ಆದರೆ ಬಾಯಿ ಕಟ್ಟಿದ ಕಾಲಕ್ಕೆ ಸಲ್ಲುವ ಮಾತು ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. 1978ರ ನವೆಂಬರಿನಲ್ಲಿ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ಎದುರು ನಿಂತಾಗ ವಿದೇಶಿ ವರದಿಗಾರರು ಈ ಘಟ್ಟದ ಊರಿಗೂ ಬಂದರು. ಕನ್ನಡ ಬಾರದ ವರದಿಗಾರ ಯಾರನ್ನು ಮಾತನಾಡಿಸಬಲ್ಲ? ಇಂಗ್ಲಿಷ್ ಬಲ್ಲವರನ್ನು, ಅಂದರೆ ಬಹುಪಾಲು ನಿಮ್ಮ ಕ್ಲಬ್ಬಿನಂಥ ಕಡೆ ಕುಳಿತವರನ್ನೇ. ಅವರು ಸಂಜೆ ಆಡಿದ ಮಾತು ಲಂಡನ್ನಿಗೆ ಹೋಗಿ, ಅಚ್ಚಾಗಿ, ‘ವಿದೇಶಿ ಪತ್ರಿಕೆಯೇ ಹೀಗೆ ಬರೆದಿದೆ’ ಎಂಬ ಗತ್ತಿನೊಂದಿಗೆ ಅದೇ ಮೇಜಿಗೆ ಮರಳುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಮತ ಯಾರಿಗೆಂದು ತಿಳಿಯಲು, ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಬಿಚ್ಚುವ ಏಜೆಂಟರನ್ನು ಕೇಳಿದ್ದರೂ ಸಾಕಿತ್ತು ಎಂಬುದು ನನ್ನ ಅಭಿಪ್ರಾಯ. ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಪ್ರಶ್ನೆ: ಇಂದಿರಾ ಹತ್ಯೆಯ ಸುದ್ದಿಯನ್ನು ಬಿಬಿಸಿ ಮೊದಲು ಹೇಳಿತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಗುಂಡಿನ ದಾಳಿಯಾಯಿತು. ಬಿಬಿಸಿ ಮಧ್ಯಾಹ್ನವೇ ಹೇಳಿದ ಸಾವನ್ನು ಆಕಾಶವಾಣಿ ಸಂಜೆಯವರೆಗೂ ಹೇಳಲಿಲ್ಲ. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ಗಾಂಧಿಯವರೂ ತಾಯಿಯ ಸ್ಥಿತಿ ತಿಳಿಯಲು ಬಿಬಿಸಿಗೇ ಕಿವಿಗೊಟ್ಟಿದ್ದರು.