ಮನುಷ್ಯ–ಪ್ರಾಣಿ ಸಂಬಂಧದ ಬಗ್ಗೆ ಯೂನಿವರ್ಸಿಟಿಯಲ್ಲಿ ಓದಬಹುದಾ? ಯಾವ ಕೋರ್ಸ್ ಸೇರಬೇಕು?

ಖಂಡಿತ ಓದಬಹುದು. ಆದರೆ ಆ ಹೆಸರಿನ ಡಿಪಾರ್ಟ್‌ಮೆಂಟನ್ನೇ ಹುಡುಕುತ್ತಾ ಹೋದರೆ ನಮ್ಮ ಕಡೆ ಸಿಗುವುದು ಕಷ್ಟ. ಬಿಎ ಮುಗಿಸುತ್ತಿದ್ದೀರಿ, ಪಶುವೈದ್ಯರಾಗುವ ಆಸೆ ಇಲ್ಲ, ಜನ ಪ್ರಾಣಿಗಳ ಜೊತೆ ಹೇಗೆ ಬಾಳುತ್ತಾರೆ ಅನ್ನೋದನ್ನು ಓದಬೇಕು ಎಂದು ಬರೆದಿದ್ದೀರಿ. ನಾನೂ ಸೈನ್ಸ್ ಓದಿದವನಲ್ಲ. ಸಮಾಜಶಾಸ್ತ್ರದಲ್ಲಿ ಎಂಎ ಮಾಡಿ, ಈಗ ಹಾಸನ ಜಿಲ್ಲೆಯಲ್ಲಿ ಆನೆ ಓಡಾಡುವ ಊರುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ.

ಹೊರದೇಶಗಳಲ್ಲಿ ಈ ವಿಷಯವನ್ನು ಆಂಥ್ರೋಜುವಾಲಜಿ ಎನ್ನುತ್ತಾರೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಇದೇ ಹೆಸರಿನ ಎಂಎ ಇದೆ, ಊರು ಬಿಡದೆ ಆನ್‌ಲೈನಲ್ಲೇ ಓದಬಹುದು. ಅಮೆರಿಕದ ಬಫಲೋದಲ್ಲಿರುವ ಕನಿಷಿಯಸ್ ವಿಶ್ವವಿದ್ಯಾಲಯದಲ್ಲೂ ಇದರ ಮಾಸ್ಟರ್ಸ್ ಇದೆ. ಸ್ಕಾಲರ್‌ಶಿಪ್ ಸಿಕ್ಕರೆ ಸೇರಿ. ಸಾಲ ಮಾಡಿ ಸೇರಿ ಅಂತ ಮಾತ್ರ ನಾನು ಹೇಳಲ್ಲ. ಡಿಗ್ರಿಯ ಹೆಸರು ನೋಡಿ ಇಲ್ಲಿ ಯಾರೂ ಕೆಲಸ ಕೊಡುವುದಿಲ್ಲ. ಎಲ್ಲಿ ತಿರುಗಿದ್ದೀಯ, ಏನು ನೋಡಿದ್ದೀಯ ಅಂತಲೇ ಕೇಳುತ್ತಾರೆ.

ಈ ಕೆಲಸ ಮಾಡುವವರು ಬೇರೆ ಬೇರೆ ಬಾಗಿಲಿಂದ ಬಂದವರು. ಪಿಯರ್ಸ್ ಲಾಕ್ ಮಾನವಶಾಸ್ತ್ರದವರು. ನೇಪಾಳದ ಚಿತ್ವನ್‌ನಲ್ಲಿ ತಾವೇ ಮಾವುತರ ಕೈಕೆಳಗೆ ಕೆಲಸ ಕಲಿತು ಅಧ್ಯಯನ ಮಾಡಿದರು. ಎಡಿನ್‌ಬರೋದ ಕೃತಿಕಾ ಶ್ರೀನಿವಾಸನ್ ಭೂಗೋಳ ವಿಭಾಗದಲ್ಲಿದ್ದುಕೊಂಡು ನಮ್ಮ ದೇಶದ ಬೀದಿನಾಯಿಗಳ ಬಗ್ಗೆ ಕೆಲಸ ಮಾಡಿದ್ದಾರೆ. ಹಾಗಾಗಿ ಮೊದಲು ಪ್ರಾಣಿ ಯಾವುದು, ಪ್ರಶ್ನೆ ಏನು ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ವಿಭಾಗ ಆಮೇಲೆ.

ಪ್ರಶ್ನೆ ಅಂದರೆ ಎಂಥದ್ದು? 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯಲು ಹೋದಾಗ ದಸರಾ ಆನೆ ಅರ್ಜುನ ಸತ್ತದ್ದು ನೆನಪಿರಬೇಕು. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಆನೆ ಅದು. ಇಡೀ ರಾಜ್ಯ ಅತ್ತಿತು. ಆನೆ ಹಿಡಿಯಿರಿ, ಇಲ್ಲಿಂದ ಸಾಗಿಸಿ ಎಂದು ವರ್ಷಗಟ್ಟಲೆ ಹೋರಾಡಿದ ಊರಿನವರೂ ಅತ್ತರು. ಇನ್ನು ಕಾಡಾನೆಗಳಿಗೂ ಇಲ್ಲಿ ಹೆಸರಿದೆ. ಬೀಟಮ್ಮನ ಗುಂಪು ಬಂದಿದೆ ಅಂದರೆ ಮಕ್ಕಳಿಗೂ ಗೊತ್ತು. ಭಯ, ಸಿಟ್ಟು, ಭಕ್ತಿ, ಸಲಿಗೆ ಎಲ್ಲವೂ ಒಂದೇ ಮನೆಯಲ್ಲಿ ಹೇಗಿರುತ್ತವೆ? ಇದನ್ನು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು ತಿಳಿಯೋಕಾಗಲ್ಲ, ಜಗಲಿ ಮೇಲೆ ಕೂತು ಮಾತು ಕೇಳಬೇಕು.

ಕಾಗದಪತ್ರವನ್ನೂ ಓದಬೇಕು. ಬೆಳೆ ಪರಿಹಾರದ ಅರ್ಜಿಗೆ ಪಹಣಿ ಬೇಕು, ಹಾನಿಯ ಫೋಟೋ ಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ? ಬೇರೆಯವರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುವವನಾದರೆ? ಆನೆ ತುಳಿದದ್ದು ಅವನ ಭತ್ತವನ್ನೇ, ಆದರೆ ಕಾಗದದಲ್ಲಿ ಅವನು ಇಲ್ಲವೇ ಇಲ್ಲ. ಕಾವಲು ಕಾದು ನಿದ್ದೆಗೆಟ್ಟದ್ದು, ರಸ್ತೆಯಲ್ಲಿ ಆನೆ ನಿಂತಿತ್ತು ಎಂದು ತೋಟದ ಕೆಲಸ ತಪ್ಪಿ ದಿನಗೂಲಿ ಹೋದದ್ದು, ಇವೆಲ್ಲ ಯಾವ ಲೆಕ್ಕಕ್ಕೂ ಬರಲ್ಲ. ನನ್ನ ಪ್ರಬಂಧದ ಅರ್ಧ ಇಂಥದ್ದೇ. ಪ್ರಾಣಿ ಮೇಲೆ ಪ್ರೀತಿ ಅಂತ ಬಂದವರು ಇಲ್ಲೇ ಬೇಜಾರಾಗುವುದು: ಆನೆ ಕಾಣುವ ದಿನ ಕಮ್ಮಿ, ತಾಲ್ಲೂಕು ಕಚೇರಿ ಸುತ್ತುವ ದಿನ ಜಾಸ್ತಿ.

ಕರ್ನಾಟಕದಲ್ಲೇ ಇದ್ದು ಓದುವುದಾದರೆ, ಮೈಸೂರು ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಮಾನವಶಾಸ್ತ್ರ ವಿಭಾಗ ಇದೆ. ನಿಮಗೆ ನಾನು ಹೇಳುವುದು ಇದನ್ನೇ. ಹಳ್ಳಿಯಲ್ಲಿ ಉಳಿದು ಕೆಲಸ ಮಾಡುವ ಪಾಠ ಅಲ್ಲಿ ಸಿಗುತ್ತದೆ, ಫೀಸೂ ಕೈಗೆಟುಕುವಷ್ಟೇ. ವನ್ಯಜೀವಿ ಕಡೆ ಹೋಗಬೇಕೆಂದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಎಂಎಸ್ಸಿ ಇದೆ, ಪೈಪೋಟಿ ಜೋರು. ಪಿಎಚ್‌ಡಿಗೆ ಬೆಂಗಳೂರಿನ ಎರಡು ಸಂಶೋಧನಾ ಸಂಸ್ಥೆಗಳನ್ನು ನೋಡಿ: ಪರಿಸರದ ಮೇಲೆ ಕೆಲಸ ಮಾಡುವ ಏಟ್ರೀ (ATREE), ವಿಜ್ಞಾನ ಮತ್ತು ಸಮಾಜ ಎರಡನ್ನೂ ಅಧ್ಯಯನ ಮಾಡುವ ಎನ್‌ಐಎಎಸ್ (NIAS). ಬಂಡೀಪುರದ ಕೋತಿಗಳು ಜನರತ್ತ ಕೈ ಚಾಚಿ, ಒಂಥರಾ ಕೂಗಿ ತಿಂಡಿ ಕೇಳುತ್ತವಲ್ಲ, ಅದರ ಬಗ್ಗೆ ಎನ್‌ಐಎಎಸ್‌ನ ಅನಿಂದ್ಯ ಸಿನ್ಹಾ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿದ್ದಾರೆ. ನಾವು ಕಾರಿನ ಕಿಟಕಿಯಿಂದ ಬಿಸ್ಕತ್ ಎಸೆದು ಮರೆಯುವ ವಿಷಯ, ಅಲ್ವಾ?

ಕೆಲಸದ ವಿಚಾರ: ಸರ್ಕಾರಿ ನೌಕರಿಗೆ ನೇರ ದಾರಿ ಇದಲ್ಲ. ಸಂರಕ್ಷಣಾ ಸಂಸ್ಥೆಗಳ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಸಿಗುತ್ತದೆ, ಪ್ರಾಜೆಕ್ಟ್ ಮುಗಿದರೆ ಮತ್ತೆ ಹುಡುಕಾಟ. ಮನೆಯವರಿಗೆ ಇದನ್ನು ಈಗಲೇ ಹೇಳಿಬಿಡಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಬರೆದಿದ್ದೀರಲ್ಲ, ಅದಕ್ಕೆ ಹೆದರಬೇಡಿ, ಬರೆಯುತ್ತಾ ಬರುತ್ತದೆ. ಕನ್ನಡ ನಿಮ್ಮದೇ ಭಾಷೆ; ಭಾಷಾಂತರಕಾರರನ್ನು ಕಟ್ಟಿಕೊಂಡು ಹಳ್ಳಿಗೆ ಬರುವವರಿಗೆ ಸಿಗದ ಮಾತು ನಿಮಗೆ ಚಹಾದ ಜೊತೆಗೇ ಸಿಗುತ್ತದೆ.

ನಿಮ್ಮ ತಾಲ್ಲೂಕು ಯಾವುದು, ತಲೆಯಲ್ಲಿರುವ ಪ್ರಾಣಿ ಯಾವುದು ಎಂದು ಕೆಳಗೆ ಬರೆಯಿರಿ. ಆ ಭಾಗದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಗೊತ್ತಿದ್ದರೆ ಹೇಳುತ್ತೇನೆ.